ಎರಡನೇ ದರ್ಜೆಯ ಎಲುಬು

ನೇತ್ರಾವತಿಯ ದಂಡೆಯಲ್ಲಿದ್ದ ಆ ಹಂಚಿನ ಕಾರ್ಖಾನೆಗೆ ವಾರಿಜ ಎರಡು ಸಲ ಕೆಲಸಕ್ಕೆ ಸೇರಿದಳು. ಮೊದಲನೆಯ ಸಲ ಹದಿನೇಳರ ಪ್ರಾಯದಲ್ಲಿ, ಹಂಚು ಬಡಿದು ನೋಡುವುದಕ್ಕೆ. ಎರಡನೆಯ ಸಲ ಅರವತ್ತೊಂಬತ್ತರಲ್ಲಿ, ಎಲುಬು ಆರಿಸುವುದಕ್ಕೆ. ನಡುವೆ ಕಾರ್ಖಾನೆ ಮುಚ್ಚಿತು, ಹಂಚು ಸುಡುವ ಆವಿಗೆ ತಣ್ಣಗಾಯಿತು, ಮಣ್ಣು ತುಳಿಯುತ್ತಿದ್ದ ಅಂಗಳದಲ್ಲಿ ಮುಳ್ಳು ಬೆಳೆಯಿತು. ಕೊನೆಗೆ ಸರಕಾರ ಆ ಜಾಗವನ್ನು ಹಿಡಿದು ಕಿರಣ ಕೇಂದ್ರ ಎಂಬ ಪ್ರಯೋಗಾಲಯವನ್ನು ಕಟ್ಟಿಸಿತು. ಹೊಗೆಗೊಳವೆಯೊಂದನ್ನು ಮಾತ್ರ ಕೆಡವಲಿಲ್ಲ. ಮೊದಲ ದಿನ ಅದನ್ನು ಕಂಡವಳೇ ವಾರಿಜ, "ನೀನೂ ಇದ್ದಿಯಾ ಇನ್ನೂ?" ಎಂದು ಕೇಳಿ ಒಳಗೆ ಹೋಗಿದ್ದಳು.

ಅದು ಎಲುಬಿನ ಕಾರ್ಡಿನ ಕಾಲ. ಐವತ್ತು ದಾಟಿದ ಹೆಂಗಸರಿಗೆಲ್ಲ ಸರಕಾರವೇ ವಾರಕ್ಕೊಂದು 'ಅಸ್ಥಿಭದ್ರ' ಮಾತ್ರೆ ಕೊಡಲು ತೊಡಗಿ ಒಂಬತ್ತು ವರ್ಷವಾಗಿತ್ತು. ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವ ಯಂತ್ರದ ಪಕ್ಕದಲ್ಲೇ ಇನ್ನೊಂದು ಸಣ್ಣ ಯಂತ್ರ. ಅದರ ಬಾಯಿಗೆ ಮುಂಗೈ ಕೊಟ್ಟರೆ ಎಲುಬು ಎಷ್ಟು ದಟ್ಟವಾಗಿದೆ ಎಂದು ಅಳೆದು ಒಂದು ನಂಬರು ತೋರಿಸುತ್ತಿತ್ತು. ನೂರಕ್ಕಿಂತ ಮೇಲಿದ್ದರೆ ಹಸಿರು ಕಾರ್ಡು, ಕೆಳಗಿದ್ದರೆ ಹಳದಿ. ಹಸಿರು ಕಾರ್ಡಿನವರಿಗೆ ಎಪ್ಪತ್ತರವರೆಗೂ ಭಾರದ ಕೆಲಸ ಮಾಡಲು ಅಪ್ಪಣೆ. ಮೊದಲು ಬಚ್ಚಲಲ್ಲಿ ಜಾರಿದರೆ ಸೊಂಟ ಮುರಿದು ಹಾಸಿಗೆ ಹಿಡಿಯುತ್ತಿದ್ದ ಪ್ರಾಯದವರು ಈಗ ಬಿದ್ದು, ಎದ್ದು, ಸೀರೆ ಕೊಡವಿಕೊಂಡು ಹೋಗುತ್ತಿದ್ದರು. ಅದು ಸುಳ್ಳಲ್ಲ. ಮೀನಿನ ಮಾರ್ಕೆಟಿನಲ್ಲಿ ಮೊಮ್ಮಕ್ಕಳ ಮಾರ್ಕಿಗಿಂತ ಅಜ್ಜಿಯಂದಿರ ನಂಬರಿನ ಸುದ್ದಿಯೇ ಹೆಚ್ಚಾಗಿತ್ತು.

ಆ ಮಾತ್ರೆಯನ್ನು ಮುಂದೆ ನಲವತ್ತಕ್ಕೇ ಶುರು ಮಾಡಿ ಸಾಯುವ ತನಕ ಕೊಡಬಹುದೇ ಎಂದು ತಿಳಿಯಬೇಕಿತ್ತು. ಅದನ್ನು ನೋಡಿ ಹೇಳುವ ಹೊಣೆ ಕಿರಣ ಕೇಂದ್ರದ ಡಾಕ್ಟರ್ ಜೆಸಿಂತಾ ಮೊಂತೇರೊ ಅವರ ಮೇಲಿತ್ತು. ನಲವತ್ತೈದರ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡೇ ಅದನ್ನು ಹುಡುಕುವವರು.

"ವಾರಿಜಕ್ಕ, ಇಲ್ಲಿ ನೋಡಿ," ಎಂದು ಅವರು ಮೊದಲ ವಾರವೇ ಪರದೆಯ ಮುಂದೆ ಕೂರಿಸಿ ತೋರಿಸಿದ್ದರು. "ತಲೆಕೂದಲನ್ನು ಉದ್ದುದ್ದಕ್ಕೆ ಒಂದು ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟು ದಪ್ಪ ಇರ್ತದೋ, ಅಷ್ಟು ಸಣ್ಣದು ಈ ನಾರು. ಎಲುಬು ಅಂದ್ರೆ ಕಲ್ಲಲ್ಲ. ಒಳಗೆ ಇಂಥ ನಾರು, ಅದರ ಮೈಗೆ ಸುಣ್ಣದ ಬಿಲ್ಲೆಗಳು. ಭಾರ ಬಿದ್ದಾಗ ನಾರು ಸ್ವಲ್ಪ ಜಗ್ತದೆ, ಬಿಲ್ಲೆ ಸ್ವಲ್ಪ ಜಾರ್ತದೆ. ಇಬ್ಬರೂ ಭಾರ ಹಂಚಿಕೊಳ್ತಾರೆ. ಹಾಗಾಗಿ ಮುರಿಯೂದಿಲ್ಲ."

"ತೆಂಗಿನ ನಾರಿನ ಹಗ್ಗಕ್ಕೆ ಸುಣ್ಣ ಬಳಿದ ಹಾಗಾ?"

"ಅಷ್ಟೇ. ನೀವು ನನಗಿಂತ ಚಂದ ಹೇಳ್ತೀರಿ, ಮಾರಾಯ್ರೆ."

ಸೊಂಟದ ಆಪರೇಶನ್ ಆದ ಹೆಂಗಸರು ತಮ್ಮ ಎಲುಬಿನ ಉಳಿದ ಚೂರನ್ನು ಒಪ್ಪಿಗೆ ಬರೆದು ಕೊಟ್ಟಿದ್ದರು. ಅಂಥ ಅರವತ್ತು ಹೆಂಗಸರ ಅರವತ್ತು ಶೀಶೆ. ಮೂವತ್ತು ಮಂದಿ ಮಾತ್ರೆ ತಿಂದವರು, ಮೂವತ್ತು ಮಂದಿ ಅಡ್ಡ ಪರಿಣಾಮಕ್ಕೆ ಹೆದರಿಯೋ ಮತ್ತೊಂದಕ್ಕೋ ತಿನ್ನದವರು. ಶೀಶೆಯ ಮೇಲೆ ನಂಬರು ಮಾತ್ರ. ಯಾರದು ಯಾವುದು ಎಂಬುದು ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡಿತ್ತು. ಯಂತ್ರ ಎಲುಬನ್ನು ಬೆಂಕಿಕಡ್ಡಿಯಷ್ಟು ತುಂಡಾಗಿ ಕೊಯ್ದು ಕೊಡುತ್ತಿತ್ತು. ವಾರಿಜ ಅದನ್ನು ತೊಳೆದು, ಕೊಯ್ಯುವಾಗ ಹಾಳಾದದ್ದನ್ನು ಬದಿಗಿಟ್ಟು, ಸರಿಯಿದ್ದದ್ದನ್ನು ಕಿರಣದ ಕೋಣೆಗೆ ಕಳಿಸಬೇಕು. ಅಲ್ಲಿ ಆ ಕಡ್ಡಿಯನ್ನು ಮೆಲ್ಲಗೆ ಜಗ್ಗುತ್ತ ಒಳಗೆ ಕಿರಣ ಹಾಯಿಸಿ, ನಾರು ಎಷ್ಟು ಜಗ್ಗಿತು, ಬಿಲ್ಲೆ ಎಷ್ಟು ಜಾರಿತು ಎಂದು ಅಳೆಯುತ್ತಿದ್ದರು.

"ಹಾಳಾದದ್ದು ನನಗೆ ಬೇಡ," ಎಂದಿದ್ದರು ಡಾಕ್ಟರು.

ಆ ಮಾತು ವಾರಿಜಳಿಗೆ ಹೊಸದಾಗಿರಲಿಲ್ಲ. ಇಪ್ಪತ್ತಾರು ವರ್ಷ ಆವಿಗೆಯ ಬಾಯಲ್ಲಿ ಕೂತು, ಬಂದ ಹಂಚಿಗೆಲ್ಲ ಬೆರಳ ಗೆಣ್ಣಿನಿಂದ ಕುಟ್ಟಿದವಳು ಅವಳು. ಟಣ್ ಎಂದರೆ ಒಂದನೇ ದರ್ಜೆ. ಡಬ್ ಎಂದರೆ ಎರಡನೇ ದರ್ಜೆ. ಕಣ್ಣಿಗೆ ಕಾಣದಿದ್ದರೂ ಒಳಗೆಲ್ಲೋ ಕೂದಲೆಳೆಯ ಬಿರುಕು ಉಂಟೆಂದೇ ಅರ್ಥ. ಎಲುಬಿನ ಕಡ್ಡಿಯನ್ನು ಗಾಜಿನ ತಟ್ಟೆಗೆ ಒಂದಂಗುಲ ಮೇಲಿನಿಂದ ಬಿಟ್ಟು ನೋಡುವುದು ಅವಳಿಗೆ ಯಾರೂ ಹೇಳದೆಯೇ ಬಂತು. ಕೆಲವು ಟಿಣ್ ಎಂದವು. ಕೆಲವು ಟಪ್ ಎಂದವು. ಟಪ್ ಎಂದದ್ದು ಕೊಯ್ಯುವ ಯಂತ್ರದ ಬಾಯಲ್ಲಿ ಹಾಳಾದದ್ದು ಎಂದೇ ಅವಳು ತಿಳಿದಳು. ಡಾಕ್ಟರಿಗೆ ಒಳ್ಳೆಯ ಮಾಲನ್ನೇ ಕಳಿಸಿದಳು. ಆದರೆ ಬಿಸಾಡಲು ಕೈ ಬರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಎರಡನೇ ದರ್ಜೆಯದ್ದನ್ನು ಯಾರೂ ಬಿಸಾಡುತ್ತಿರಲಿಲ್ಲ, ಹಟ್ಟಿಗೋ ಕೊಟ್ಟಿಗೆಗೋ ಆಗುತ್ತಿತ್ತು. ಹಾಗಾಗಿ ಆ ಕಡ್ಡಿಗಳನ್ನು ಅವುಗಳ ಶೀಶೆಗೇ ಹಾಕಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಒಟ್ಟುಮಾಡಿ, ಶೀತಪೆಟ್ಟಿಗೆಯ ಕೆಳಗಿನ ಅಂಕಣದಲ್ಲಿ ಇಟ್ಟಳು. ಡಬ್ಬಿಯ ಮೇಲೆ ದುಂಡು ಅಕ್ಷರದಲ್ಲಿ 'ಎರಡನೇ ದರ್ಜೆ' ಎಂದು ಬರೆದಳು.

ಮನೆಯಲ್ಲಿ ಅವಳಿಗೆ ಜೊತೆ ಎಂದರೆ ತಂಗಿ ಬೇಬಿ. ತೊಟ್ಟಿಲಲ್ಲಿಟ್ಟ ಆ ಹೆಸರು ಅರವತ್ತೆರಡು ವರ್ಷವಾದರೂ ಬಿಟ್ಟು ಹೋಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಜಪ್ಪು ಎಂಬ ಕೇರಿಯಲ್ಲಿದ್ದ ಅಕ್ಕನ ಮನೆಗೆ ಬಂದವಳು, ದೂಮಣ್ಣನ ಕ್ಯಾಟರಿಂಗ್ ತಂಡದಲ್ಲಿ ಮದುವೆ ಅಡುಗೆಗೆ ಹೋಗುತ್ತಿದ್ದಳು. ದೂಮಣ್ಣ ಹಸಿರು ಕಾರ್ಡಿನವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದ. ಕೊಪ್ಪರಿಗೆ ಇಳಿಸುವಾಗ ಮುದುಕಿಯರು ಮುರಿದುಕೊಂಡರೆ ಯಾರಿಗೆ ಉತ್ತರ ಹೇಳುವುದು?

"ನೂರ ಹದಿನಾಲ್ಕು!" ಎಂದು ಬೇಬಿ ಆ ಸಲ ರೇಷನ್ ಚೀಲದ ಜೊತೆ ನಂಬರನ್ನೂ ಹೊತ್ತು ತಂದಿದ್ದಳು. "ನಿನ್ನದೆಷ್ಟಕ್ಕ? ತೊಂಬತ್ತಾರಾ? ಪಾಪ. ಬೀಳಬೇಡ, ಆಯ್ತಾ? ನನ್ನ ಕೈ ಹಿಡ್ಕೋ."

"ನಿನ್ನ ನಾಲಿಗೆಗೆ ಎಲುಬಿಲ್ಲದ್ದು ಒಳ್ಳೇದಾಯ್ತು. ಇದ್ದಿದ್ರೆ ಅದಕ್ಕೂ ಒಂದು ಕಾರ್ಡು ಮಾಡಿಸ್ತಿದ್ದಿ."

ವಾರಿಜಳಿಗೆ ಮಾತ್ರೆ ಹೊಟ್ಟೆಗೆ ಆಗದೆ ಎರಡನೇ ವರ್ಷವೇ ನಿಲ್ಲಿಸಿದ್ದರು. ಬೇಬಿ ಒಂಬತ್ತು ವರ್ಷದಲ್ಲಿ ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ. ಬೆಳಿಗ್ಗೆ ಬರಿಹೊಟ್ಟೆಗೆ ಮಾತ್ರೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರುತ್ತಿದ್ದಳು, ದೇವರ ಎದುರು ಕೂತ ಹಾಗೆ.

*

ವರದಿ ಕಳಿಸಲು ಎರಡು ದಿನ ಉಳಿದಿದ್ದಾಗ ಡಾಕ್ಟರು ಕಂಪ್ಯೂಟರಿನ ಬೀಗ ತೆಗೆಸಿದರು. ಮಾತ್ರೆ ತಿಂದವರ ಎಲುಬು ನಾರಿನ ಮಟ್ಟದಲ್ಲೂ ಗಟ್ಟಿ, ಜಗ್ಗುವುದರಲ್ಲೂ ಸರಿ. ಎಲ್ಲರೂ ಲಡ್ಡು ತಿಂದರು. ಆದರೆ ಡಾಕ್ಟರು ತಿನ್ನದೆ, ಕೈಯಲ್ಲಿ ಹಿಡಿದೇ ವಾರಿಜಳ ಮೇಜಿನ ಹತ್ತಿರ ಬಂದರು.

"ವಾರಿಜಕ್ಕ, ಅರವತ್ತರಲ್ಲಿ ನಲವತ್ತೊಂದೇ ನನ್ನ ಕೈಗೆ ಬಂದದ್ದು. ಅದೇನು ದೊಡ್ಡದಲ್ಲ. ಆದ್ರೆ ಮಾತ್ರೆ ತಿಂದವರದ್ದು ಮೂವತ್ತರಲ್ಲಿ ಹದಿನಾಲ್ಕೇ ಉಂಟು. ಉಳಿದದ್ದೆಲ್ಲ ಕೊಯ್ಯುವಾಗ ಒಡೆದದ್ದಾ?"

ವಾರಿಜ ಕೈಯಲ್ಲಿದ್ದ ಗಾಜಿನ ತಟ್ಟೆಯನ್ನು ಒರೆಸತೊಡಗಿದಳು. ಒಡೆದದ್ದು ಒಂದೂ ಇರಲಿಲ್ಲ. ಅಷ್ಟನ್ನೂ ಬೇರೆ ಮಾಡಿದ್ದು ಅವಳ ಕಿವಿ. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ.

"ಹೂಂ," ಎಂದಳು.

"ಹಾಗಾದ್ರೆ ಸರಿ." ಡಾಕ್ಟರು ಲಡ್ಡುವನ್ನು ಬಾಯಿಗಿಟ್ಟರು. "ಕುಂದಾಪುರದಿಂದ ಒಬ್ಬ ಡಾಕ್ಟರ ಕಾಗದ ಬಂದಿದೆ. ಅವರ ಒಬ್ಬ ಪೇಶೆಂಟು, ಅರವತ್ತರ ಹೆಂಗಸು. ಒಲೆಯ ಎದುರು ನಿಂತಿದ್ದವಳಿಗೆ ನಿಂತಲ್ಲೇ ತೊಡೆಯೆಲುಬು ಮುರೀತಂತೆ. ಬೀಳಲಿಲ್ಲ, ಜಾರಲಿಲ್ಲ. ಮೂರು ತಿಂಗಳಿಂದ ತೊಡೆ ನೋಯ್ತದೆ ಅಂತಿದ್ಳಂತೆ. ಮಾತ್ರೆಯಿಂದ ಇರಬಹುದಾ ಅಂತ ಕೇಳ್ತಾರೆ. ನಮ್ಮ ಅಳತೆ ಹಾಗೆ ಹೇಳೂದಿಲ್ಲ ಅಂತ ಬರೀತೇನೆ. ನಾಡಿದ್ದು ಮಧ್ಯಾಹ್ನ ವರದಿ ಹೋಗಬೇಕು."

ಅವರು ಹೋದ ಮೇಲೂ ವಾರಿಜ ಗಾಜಿನ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಅದು ಆಗಲೇ ಚೊಕ್ಕಟವಾಗಿತ್ತು.

*

ಮರುದಿನ ಸಂಜೆ ಬೇಬಿ ಮೆಟ್ಟಿಲ ಮೇಲೆ ಕೂತು ತೊಡೆಗೆ ಎಣ್ಣೆ ತಿಕ್ಕುತ್ತಿದ್ದಳು. ವಾರಿಜ ಅದನ್ನು ಮೊದಲೂ ಕಂಡಿದ್ದಳು. ಆದರೆ ಈ ಹೊತ್ತು ಅದು ಬೇರೆಯೇ ಆಗಿ ಕಂಡಿತು.

"ಎಷ್ಟು ದಿನ ಆಯ್ತು ಅದು?"

"ಎಂತದು?"

"ತೊಡೆ ನೋವು."

"ಓ, ಅದಾ. ಗಾಳಿ ಹಿಡಿದದ್ದು. ಪೆರಾರದ ಮದುವೆಯಿಂದ ಉಂಟು." ಬೇಬಿ ಲೆಕ್ಕ ಹಾಕದೆ ಹೇಳಿದಳು. ಪೆರಾರದ ಮದುವೆ ಮಾವಿನಹಣ್ಣಿನ ಕಾಲದಲ್ಲಿ ನಡೆದದ್ದು. ಈಗ ನವರಾತ್ರಿ ಹತ್ತಿರ ಬಂದಿತ್ತು.

"ಡಾಕ್ಟ್ರಿಗೆ ತೋರಿಸಿದ್ದಿಯಾ?"

"ತೋರಿಸಿದ್ರೆ ಕಾರ್ಡಿನಲ್ಲಿ ಬರೀತಾರೆ. ಬರೆದ್ರೆ ದೂಮಣ್ಣ ನನ್ನನ್ನು ವೀಳ್ಯದೆಲೆ ಮಡಚ್ಲಿಕ್ಕೆ ಕೂರಿಸ್ತಾನೆ. ನೀನು ಎಲ್ಲಿಯಾದ್ರೂ ಬಾಯಿ ಬಿಟ್ಟಿಯೋ, ನೋಡು ಮತ್ತೆ. ನೂರ ಹದಿನಾಲ್ಕು ನಂಬರಿನ ಎಲುಬು ಅಕ್ಕ, ಇದಕ್ಕೆ ಎಂತ ಆಗ್ತದೆ?" ಎಂದು ತೊಡೆಯ ಮೇಲೆ ಅಂಗೈಯಿಂದ ಬಡಿದಳು. ಬಡಿದವಳ ಮುಖ ಒಂದು ಗಳಿಗೆ ಹಿಂಡಿಕೊಂಡಿತು.

"ನಾಳೆ ಎಲ್ಲಿಗೆ?"

"ಪಂಪ್‌ವೆಲ್ ಹತ್ತಿರದ ಹಾಲ್. ಏಳ್ನೂರು ಎಲೆಯ ಊಟ."

ವಾರಿಜ ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು. ಅವಳಿಗೆ ಸೇಸಿಯಕ್ಕನ ನೆನಪಾಯಿತು. ಹಂಚು ಬಡಿಯುವುದನ್ನು ಕಲಿಸಿದವಳು, ಸತ್ತು ಮೂವತ್ತು ವರ್ಷವಾದವಳು. ಒಮ್ಮೆ ಒಂದೇ ದಿನ ಮುನ್ನೂರು ಹಂಚು ಡಬ್ ಎಂದಾಗ ವಾರಿಜ ಅವನ್ನೆಲ್ಲ ಸುಮ್ಮನೆ ಬದಿಗೆ ಪೇರಿಸಿದ್ದಳು. ಸೇಸಿಯಕ್ಕ ಕಂಡವಳೇ ತಲೆಗೊಂದು ಮೊಟಕಿದಳು. "ಬೇರೆ ಇಟ್ಟರೆ ಮುಗೀತಾ? ಆವಿಗೆಯವನಿಗೆ ಹೋಗಿ ಹೇಳು. ಹೇಳದಿದ್ರೆ ನಾಳೆಯೂ ಅವ ಹೀಗೇ ಸುಡ್ತಾನೆ." ಹೋಗಿ ಹೇಳಿದಾಗ ಆವಿಗೆಯ ಒಂದು ಮೂಲೆಯಲ್ಲಿ ಬೆಂಕಿ ಹೆಚ್ಚಾಗುತ್ತಿದ್ದದ್ದು ಗೊತ್ತಾಗಿತ್ತು.

ಕಲಿತ ಕೆಲಸದಲ್ಲಿ ಅರ್ಧವನ್ನು ಮಾಡಿ ಅರ್ಧವನ್ನು ಮರೆತಿದ್ದಳು ಅವಳು. ಮರೆತದ್ದು ಹೋಗಲಿ, ಕೇಳಿದವರಿಗೆ ಸುಳ್ಳನ್ನೂ ಹೇಳಿದ್ದಳು. ತೊಳೆದ ಅಕ್ಕಿಯನ್ನು ಅವಳು ಮತ್ತೆ ತೊಳೆದಳು.

*

ಬೆಳಿಗ್ಗೆ ಏಳೂವರೆಗೆ ವಾರಿಜ ಬಿಸ್ಕತ್ತಿನ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಹೊರಗೆ ಬೆವರಿದ್ದ ತಗಡು ಮೇಜಿನ ಮೇಲೆ ನೀರಿನ ಬಳೆ ಮಾಡಿತು.

"ಮೊನ್ನೆಯೇ ಹೇಳಬೇಕಿತ್ತು, ಡಾಕ್ಟ್ರೇ. ಇದು ಒಡೆದದ್ದಲ್ಲ. ನಾನು ಬೇರೆ ಮಾಡಿದ್ದು."

ಎಲ್ಲವನ್ನೂ ಹೇಳಿದಳು, ಗಾಜಿನ ತಟ್ಟೆ, ಟಿಣ್, ಟಪ್. ಡಾಕ್ಟರ್ ಜೆಸಿಂತಾ ತಲೆಯ ಮೇಲಿದ್ದ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು.

"ನೀವು ಎಂತ ಮಾಡಿದ್ದು ಅಂತ ಗೊತ್ತುಂಟಾ ನಿಮಗೆ?" ಅವರ ಸ್ವರ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಎರಡು ವರ್ಷದ ಕೆಲಸ. ದುರ್ಬಲವಾದದ್ದನ್ನೆಲ್ಲ ನೀವು ಮೊದಲೇ ತೆಗೆದು, ಗಟ್ಟಿಯಾದದ್ದನ್ನೇ ನನಗೆ ಕೊಟ್ರಿ. ನಾನು ಅದನ್ನು ಅಳೆದು ಗಟ್ಟಿ ಉಂಟು ಅಂತ ಬರೆದೆ!"

"ಹೌದು."

"ಮೊನ್ನೆ ಕೇಳಿದಾಗ ಹೂಂ ಅಂದ್ರಿ."

"ಹೆದರಿಕೆ ಆಯ್ತು." ವಾರಿಜ ಸೆರಗಿನಿಂದ ನೀರಿನ ಬಳೆಯನ್ನು ಒರೆಸಿದಳು. "ನನ್ನ ತಂಗಿಗೆ ತೊಡೆ ನೋವುಂಟು, ಡಾಕ್ಟ್ರೇ. ನಾಲ್ಕೈದು ತಿಂಗಳಾಗಿ ಹೋಯ್ತು. ಒಂಬತ್ತು ವರ್ಷ ಮಾತ್ರೆ ತಿಂದವಳು. ನೀವು ನನ್ನನ್ನು ಬೈದು ಮುಗಿಸಿದ ಮೇಲೆ ಇದನ್ನು ಒಮ್ಮೆ ನೋಡ್ತೀರಾ?"

ಡಾಕ್ಟರು ಬೈದು ಮುಗಿಸಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಎದ್ದರು.

ಕಿರಣದ ಕೋಣೆಯ ಗಾಜಿನ ಹೊರಗೆ ವಾರಿಜ ನಿಂತಳು. ಮೊದಲ ಕಡ್ಡಿಯನ್ನು ಎರಡು ಚಿಮಟಗಳ ನಡುವೆ ಸಿಕ್ಕಿಸಿ ಜಗ್ಗಲು ತೊಡಗಿದರು. ಪರದೆಯ ಮೇಲೆ ಎರಡು ಗೆರೆ ಮೇಲೇರಬೇಕು. ಒಂದು ನಾರಿನದು, ಒಂದು ಬಿಲ್ಲೆಯದು. ಸರಿಯಾದ ಎಲುಬಿನಲ್ಲಿ ಅವು ಗುಡ್ಡ ಹತ್ತುವ ಹೆಂಗಸರ ಹಾಗೆ ಒಂದರ ಹಿಂದೆ ಒಂದು, ನಿಧಾನಕ್ಕೆ, ತುಂಬಾ ದೂರ ಹೋಗುತ್ತಿದ್ದವು. ಇದರಲ್ಲಿ ಅರ್ಧ ದಾರಿಯಲ್ಲೇ ಎರಡೂ ಕಡಿದುಹೋದವು. ಎರಡನೆಯದೂ ಹಾಗೆ. ಮೂರನೆಯದೂ. ಡಾಕ್ಟರು ಒಂದು ಕಡ್ಡಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಒಳಗೆಲ್ಲ ಸಣ್ಣ ಸಣ್ಣ ಬಿರುಕು, ಒಣಗಿದ ಗದ್ದೆಯ ಹಾಗೆ.

ಹನ್ನೊಂದು ಗಂಟೆಗೆ ಅವರು ಹೊರಗೆ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಅದರ ಜಾಗದಲ್ಲಿ ಗಾಬರಿ ಇತ್ತು.

"ಹತ್ತೊಂಬತ್ತರಲ್ಲಿ ಹದಿನಾರು ಮಾತ್ರೆ ತಿಂದವರದ್ದು, ವಾರಿಜಕ್ಕ. ಎಲ್ಲರೂ ಆರು ವರ್ಷಕ್ಕಿಂತ ಹೆಚ್ಚು ತಿಂದವರು. ಮೂರು ನಾಲ್ಕು ವರ್ಷ ತಿಂದವರದ್ದು ನಿಮ್ಮ ಒಂದನೇ ದರ್ಜೆಯಲ್ಲೇ ಉಂಟು."

"ಅಂದ್ರೆ?"

"ನಮ್ಮ ಎಲುಬಿನಲ್ಲಿ ಹಳೆಯದನ್ನು ಒಡೆಯುವ ಕೋಶ ಉಂಟು, ಹೊಸದು ಕಟ್ಟುವ ಕೋಶ ಉಂಟು. ಪ್ರಾಯ ಆದ ಮೇಲೆ ಒಡೆಯುವವನ ಕೈ ಮುಂದಾಗ್ತದೆ, ಎಲುಬು ಟೊಳ್ಳಾಗ್ತದೆ. ಮಾತ್ರೆ ಆ ಒಡೆಯುವವನನ್ನು ಮಲಗಿಸ್ತದೆ. ಒಳ್ಳೇದೇ. ಆದ್ರೆ ದಿನಾ ನಡೆದು, ಹತ್ತಿ, ಭಾರ ಹೊತ್ತು ಎಲುಬಿನಲ್ಲಿ ಕೂದಲೆಳೆಯ ಬಿರುಕು ಬೀಳ್ತಾ ಇರ್ತದಲ್ಲ? ಅದನ್ನು ಕೆರೆದು ತೆಗೆಯುವವನೂ ಅವನೇ. ಅವ ವರ್ಷಾನುಗಟ್ಟಲೆ ಮಲಗಿದ್ರೆ ಬಿರುಕಿನ ಮೇಲೆ ಬಿರುಕು ಉಳೀತದೆ. ನಂಬರು ಏರ್ತದೆ, ಎಲುಬು ದಟ್ಟವೇ. ಒಳಗಿನ ನಾರು ಮಾತ್ರ ಭಾರ ಹಂಚಿಕೊಳ್ಳೂದಿಲ್ಲ."

"ತೂಕ ಸರಿ, ಸ್ವರ ಸರಿ ಇಲ್ಲ," ಎಂದಳು ವಾರಿಜ.

ಡಾಕ್ಟರು ಅವಳನ್ನು ನೋಡಿದರು. "ನಿಮ್ಮ ತಂಗಿ ಈಗ ಎಲ್ಲಿದ್ದಾಳೆ?"

*

ಮದುವೆ ಹಾಲ್‌ನ ಹಿಂದಿನ ಅಡುಗೆ ಕೊಟ್ಟಿಗೆಗೆ ಕಿರಣ ಕೇಂದ್ರದ ಜೀಪು ಬಂದು ನಿಂತಾಗ ಸಾರು ಕುದಿದು ಇಳಿಸುವ ಹೊತ್ತು. ಬೇಬಿ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೊಪ್ಪರಿಗೆಯ ಕಿವಿಗೆ ಬಟ್ಟೆ ಸುತ್ತುತ್ತಿದ್ದಳು.

"ಬೇಬಿ, ಅದನ್ನು ಮುಟ್ಟಬೇಡ."

"ಅಯ್ಯೋ ಅಕ್ಕ! ನೀನೆಂತ ಇಲ್ಲಿ? ಊಟದ ಪರಿಮಳ ಜಪ್ಪಿಗೆ ಬಂತಾ?"

"ಮುಟ್ಟಬೇಡ ಅಂದೆ. ಇವರು ಡಾಕ್ಟ್ರು. ಆಸ್ಪತ್ರೆಗೆ ಹೋಗಿ ನಿನ್ನ ತೊಡೆಯ ಎಕ್ಸ್‌ರೇ ತೆಗಿಬೇಕು. ಈಗಲೇ."

ಸೌಟು ಹಿಡಿದವರೆಲ್ಲ ತಿರುಗಿದರು. ಬೇಬಿಯ ನಗು ಅಳಿಸಿಹೋಯಿತು. "ಹೇಳಬೇಡ ಅಂತ ಹೇಳಿದ್ದೆ ಅಲ್ವಾ ನಿನಗೆ?" ಎಂದು ಹಲ್ಲು ಕಚ್ಚಿ ಹತ್ತಿರ ಬಂದಳು. "ಇಷ್ಟು ಜನರೆದುರು ನನ್ನ ಅನ್ನ ತೆಗಿಲಿಕ್ಕೆ ಬಂದದ್ದಾ? ನಿನಗೆ ಹಳದಿ ಕಾರ್ಡು, ಹಾಗಂತ ನನಗೂ ಹಳದಿ ಆಗಬೇಕಾ?"

"ನಿನ್ನ ಕಾರ್ಡು ಸುಳ್ಳು ಹೇಳ್ತದೆ, ಬೇಬಿ. ನಾನೂ ಸುಳ್ಳು ಹೇಳಿದ್ದೆ." ವಾರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಹಾಗೆ ಮಾತ್ರೆ ತಿಂದವರ ಎಲುಬು ಹದಿನಾರು ನನ್ನ ಕೈಯಲ್ಲಿ ಟಪ್ ಅಂದಿತ್ತು. ನಾನು ಯಾರಿಗೂ ಹೇಳದೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಕೇಳಿದ್ರೆ ಒಡೆದದ್ದು ಅಂದೆ. ನೀನು ಮೆಟ್ಟಿಲ ಮೇಲೆ ಕೂತು ಎಣ್ಣೆ ತಿಕ್ಕೂದನ್ನು ಇಷ್ಟು ದಿನ ನೋಡಿಯೂ ಸುಮ್ಮನಿದ್ದೆ. ಈಗ ನೀನು ಆ ಕೊಪ್ಪರಿಗೆ ಎತ್ತಿ, ನಿಂತಲ್ಲೇ ಕಾಲು ಮುರಿದು, ಕುದಿಯುವ ಸಾರಿನ ಜೊತೆ ಬಿದ್ದರೆ ನಾನೆಂತ ಮಾಡ್ಲಿ? ಹೇಳು, ಎಂತ ಮಾಡ್ಲಿ?"

ಅಕ್ಕ ಅಳುವುದನ್ನು ಬೇಬಿ ಕಂಡದ್ದು ಅಮ್ಮ ಸತ್ತ ದಿನ, ಮತ್ತೆ ಈಗ. ಅವಳು ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ದೂಮಣ್ಣನ ಹೆಗಲ ಮೇಲೆ ಎಸೆದಳು.

"ನೀವೇ ಇಳಿಸಿ, ದೂಮಣ್ಣ. ಉಪ್ಪು ಒಂದು ಹಿಡಿ ಕಡಿಮೆ ಉಂಟು." ಜೀಪಿನ ಕಡೆಗೆ ಎರಡು ಹೆಜ್ಜೆ ಇಟ್ಟು ತಿರುಗಿದಳು. "ಎಲುಬು ಸರಿ ಉಂಟು ಅಂತ ಬಂದ್ರೆ ಅಕ್ಕ, ಒಂದು ವರ್ಷ ಪಾತ್ರೆ ಎಲ್ಲ ನೀನೇ ತೊಳೀಬೇಕು."

ಎಕ್ಸ್‌ರೇಯಲ್ಲಿ ಎಡತೊಡೆಯೆಲುಬಿನ ಹೊರಮೈಯಲ್ಲಿ ಹಕ್ಕಿಯ ಕೊಕ್ಕಿನಷ್ಟು ಸಣ್ಣ ಉಬ್ಬು. ಅದರಿಂದ ಒಳಕ್ಕೆ ಒಂದು ಕಪ್ಪು ಗೆರೆ, ಅರ್ಧ ಎಲುಬಿನವರೆಗೆ. ಎಲುಬಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಬೇಬಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಲು ಹೇಳಿದರು. ಬಂದಾಗ ನಡೆದೇ ಬಂದಿದ್ದಳು. ಮರುದಿನ ತೊಡೆಯೊಳಗೆ ಉದ್ದದ ಸರಳನ್ನು ಹಾಕಿದರು.

*

ವರದಿ ಆ ಮಧ್ಯಾಹ್ನ ಹೋಗಲಿಲ್ಲ. ಎರಡು ತಿಂಗಳು ಬಿಟ್ಟು ಹೋಯಿತು, ಬೇರೆಯದೇ ಆಗಿ. ಮಾತ್ರೆ ಕೆಟ್ಟದ್ದೆಂದು ಅದರಲ್ಲಿ ಇರಲಿಲ್ಲ. ಎಷ್ಟೋ ಸೊಂಟಗಳನ್ನು ಅದು ಉಳಿಸಿತ್ತು. ಕೆಲವು ವರ್ಷ ತಿಂದ ಮೇಲೆ ಡಾಕ್ಟರು ಪ್ರತಿಯೊಬ್ಬರನ್ನೂ ನೋಡಿ, ಬೇಕಾದವರಿಗೆ ಬಿಡುವು ಕೊಡಬೇಕು ಎಂದಿತ್ತು. ತೊಡೆ ನೋವು ಎಂದವರನ್ನು ನಂಬರು ನೋಡಿ ಹಿಂದೆ ಕಳಿಸಬಾರದು ಎಂದಿತ್ತು. ಕಳಿಸುವ ಮೊದಲು ಡಾಕ್ಟರ್ ಜೆಸಿಂತಾ ವಾರಿಜಳನ್ನು ಕರೆದು ಒಂದು ಸಾಲನ್ನು ಓದಿ ಹೇಳಿದರು: ಮೊದಲ ಸುತ್ತಿನ ವಿಂಗಡಣೆಯಲ್ಲಿ ಒಬ್ಬ ಸಹಾಯಕಿಯಿಂದ ತಪ್ಪಾಗಿತ್ತು.

"ಹೆಸರು ಹಾಕಲಿಲ್ಲ," ಎಂದರು. "ಆದ್ರೆ ಇನ್ನು ಮುಂದೆ ಶೀಶೆ ಮುಟ್ಲಿಕ್ಕೆ ನಿಮ್ಮನ್ನು ಬಿಡ್ಲಿಕ್ಕಾಗೂದಿಲ್ಲ, ವಾರಿಜಕ್ಕ. ನಿಯಮ."

"ಅದು ಸರಿಯೇ. ಹೆಸರು ಹಾಕಿ, ಡಾಕ್ಟ್ರೇ."

"ಯಾಕೆ, ಮಾರಾಯ್ರೆ? ತಪ್ಪಿಗೆ ಯಾರಾದ್ರೂ ಹೆಸರು ಕೇಳಿ ಹಾಕಿಸಿಕೊಳ್ತಾರಾ?"

"ಎರಡನೇ ದರ್ಜೆ ಹಂಚಿನ ಬೆನ್ನಿಗೂ ಕಾರ್ಖಾನೆಯ ಮುದ್ರೆ ಇರ್ತಿತ್ತು."

ಡಾಕ್ಟರು ಕನ್ನಡಕವನ್ನು ಹುಡುಕಿದರು. ವಾರಿಜ ಅವರ ತಲೆಯ ಕಡೆಗೆ ಬೆರಳು ತೋರಿಸಿದಳು. ಅವರು ಅದನ್ನು ಕೆಳಗಿಳಿಸಿ, 'ಒಬ್ಬ ಸಹಾಯಕಿ' ಎಂಬುದನ್ನು ಹೊಡೆದುಹಾಕಿ, ವಾರಿಜ ಕುಲಾಲ್ ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಆ ತಪ್ಪನ್ನು ಕಂಡುಹಿಡಿದು ಹೇಳಿದವರೂ ಅವರೇ.

ಅವಳು ಮನೆಗೆ ಬಂದಾಗ ಬೇಬಿ ವಾಕರನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಕೂತು, ದೂಮಣ್ಣ ಕಳಿಸಿದ್ದ ವೀಳ್ಯದೆಲೆಯ ಕಟ್ಟನ್ನು ಬೈದುಕೊಂಡೇ ಬಿಡಿಸುತ್ತಿದ್ದಳು. ಅವಳ ಕಾರ್ಡು ಈಗ ಹಳದಿ. ಎರಡು ದಿನ ಅದನ್ನು ಯಾರಿಗೂ ತೋರಿಸಿರಲಿಲ್ಲ; ಮೂರನೆಯ ದಿನ ತಾನೇ ಮೀನಿನವಳಿಗೆ ತೋರಿಸಿ, ತೊಡೆಯೊಳಗೆ ಸರಳಿರುವುದು ಇಡೀ ಜಪ್ಪಿನಲ್ಲಿ ತನಗೊಬ್ಬಳಿಗೇ ಎಂದು ಹೇಳಿಕೊಂಡಿದ್ದಳು.

"ಬಾ ಅಕ್ಕ. ನೀನು ದೊಡ್ಡ ಪರೀಕ್ಷಕಿ ಅಲ್ವಾ?" ಎಂದು ಎಡತೊಡೆಯನ್ನು ಮುಂದೆ ಮಾಡಿದಳು. "ಬಡಿದು ನೋಡಿ ಹೇಳು. ಒಂದನೇ ದರ್ಜೆಯಾ, ಎರಡನೆಯದ್ದಾ?"

ವಾರಿಜ ಅವಳ ಪಕ್ಕದಲ್ಲಿ ಕೂತಳು. ಗೆಣ್ಣನ್ನು ಮಡಚಿದಳು, ಬಡಿಯಲಿಲ್ಲ. ಅಂಗೈಯನ್ನು ತಂಗಿಯ ತೊಡೆಯ ಮೇಲೆ ಹಾಗೆಯೇ ಇಟ್ಟಳು. ಅವರ ತಲೆಯ ಮೇಲೆ ಅದೇ ಕಾರ್ಖಾನೆಯ ಹಂಚು, ಕೊಟ್ಟಿಗೆಗೆಂದು ಕೊಟ್ಟ ಎರಡನೇ ದರ್ಜೆಯದ್ದು, ಐವತ್ತು ಮಳೆಗಾಲ ಕಂಡದ್ದು.

"ಮಾಡಿಗೆ ಏರಿದ ಹಂಚನ್ನು ಯಾರಾದ್ರೂ ಬಡಿದು ನೋಡ್ತಾರಾ?" ಎಂದಳು. "ಸೋರದಿದ್ರೆ ಆಯ್ತು. ಆ ಎಲೆ ಇತ್ತ ಕೊಡು."